ದೊಡ್ಡಮ್ಮನ ಅಳತೆಕೋಲು

ನನ್ನ ಅಕ್ಷರ ಕೋಳಿಕಾಲಿನಂತಿದೆ, ಪದಗಳೂ ಕಡಿಮೆ, ಕ್ಷಮಿಸಿ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ತಪ್ಪಿರಬಾರದೆಂದು ಇದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ.

ನಮ್ಮ ದೊಡ್ಡಮ್ಮ ಪಶು ಆಸ್ಪತ್ರೆಯಲ್ಲಿ ಸಹಾಯಕಿ. ಹೋರಿಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳಿರುವ ಕ್ಯಾನನ್ನು ಇಪ್ಪತ್ತೆರಡು ವರ್ಷಗಳಿಂದ ಕಾಯುತ್ತಿದ್ದಾಳೆ. ಅದರೊಳಗೆ ಕಡ್ಡಿಗಳು ಕೆಡದಂತೆ ಕಾಯುವ, ಹಿಮಕ್ಕಿಂತಲೂ ತಣ್ಣಗಿನ ದ್ರವ ನೈಟ್ರೋಜನ್ ಇರುತ್ತದೆ. ಮುಚ್ಚಳ ತೆಗೆದರೆ ಬಿಳಿ ಹಬೆ ಏಳುವುದರಿಂದ ಅವಳಿಗೆ ಹಬೆಯಮ್ಮ ಎಂದೇ ಹೆಸರು. ವಾರಕ್ಕೊಮ್ಮೆ ಮರದ ಕೋಲನ್ನು ಇಳಿಬಿಟ್ಟು, ಹೊರತೆಗೆದು ಗಾಳಿಯಲ್ಲಿ ಬೀಸುತ್ತಾಳೆ. ಎಷ್ಟು ಭಾಗಕ್ಕೆ ಹಿಮ ಕಟ್ಟುತ್ತದೋ ಒಳಗೆ ಅಷ್ಟು ದ್ರವ ಇದೆಯೆಂದು ಲೆಕ್ಕ.

ಆ ಕ್ಯಾನಿನಲ್ಲಿ ಕರಿಯನ ಹದಿನೇಳು ಕಡ್ಡಿಗಳಿದ್ದವು. ಕರಿಯ ದೊಡ್ಡಮ್ಮನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಗಿಡ್ಡ ತಳಿಯ ಹೋರಿ. ಸತ್ತು ಐದು ವರ್ಷವಾಗಿತ್ತು. ನಮ್ಮ ಸುತ್ತಮುತ್ತ ಆ ತಳಿಯ ಬೇರೆ ಹೋರಿ ಇರಲಿಲ್ಲ.

"ಅವನ ಬಣ್ಣ, ಕೊಂಬು, ಮೊಂಡುತನ ಎಲ್ಲಾ ಡಿಎನ್‌ಎಯಲ್ಲಿ ಬರ್ದಿರತ್ತೆ ಹಬೆಯಮ್ಮ. ಒಂದೊಂದು ಅಕ್ಷರದಲ್ಲೂ ನೈಟ್ರೋಜನ್ ಇದೆ. ಒಳಗೂ ಅದೇ, ಹೊರಗೆ ಕಾಯೋದೂ ಅದೇ," ಎಂದಿದ್ದರು ಡಾಕ್ಟರು.

"ಹಾಗಾದ್ರೆ ನಿಮ್ಮ ಮೊಂಡುತನದಲ್ಲೂ ಇರ್ಬೇಕು ಸಾರ್," ಎಂದು ದೊಡ್ಡಮ್ಮ ನಕ್ಕಿದ್ದಳು.

ಕಳೆದ ತಿಂಗಳು ನೈಟ್ರೋಜನ್ ತರುವ ಗಾಡಿ ಬರಲಿಲ್ಲ. ಫೋನು ಮಾಡಿದಾಗಲೆಲ್ಲ "ನಾಳೆ ಕಳಿಸ್ತೀವಿ" ಎನ್ನುತ್ತಿದ್ದರು. ಪಕ್ಕದ ಆಸ್ಪತ್ರೆಯ ಕ್ಯಾನೂ ಬರಿದಾಗಿತ್ತು. ದೊಡ್ಡಮ್ಮನಿಗೆ ಜೀವ ತಡೆಯಲಿಲ್ಲ. ವಾರಕ್ಕೊಮ್ಮೆ ಅಳೆಯುತ್ತಿದ್ದವಳು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯತೊಡಗಿದಳು. ತೆಗೆದಾಗಲೆಲ್ಲ ಇನ್ನಷ್ಟು ಹಬೆಯಾಗಿ ಹೋಗುತ್ತಿತ್ತು.

"ಗೊತ್ತು ಕಣೇ," ಎಂದಳು, ನಾನು ನೋಡುತ್ತಿದ್ದುದನ್ನು ಕಂಡು. "ನೋಡ್ದೆ ಇರಕ್ಕಾಗ್ತಿಲ್ಲ."

ಅವಳಿಗೆಂದು ತಂದಿದ್ದ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟೆ.

ಗಾಡಿ ತಪ್ಪಿದ ಹದಿಮೂರನೆಯ ದಿನ ಕೋಲಿಗೆ ಹಿಮವೇ ಕಟ್ಟಲಿಲ್ಲ. ಡಾಕ್ಟರು ಒಂದು ಕಡ್ಡಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇನ್ನೊಂದನ್ನು ನೋಡಿದರು. ಒಂದು ವೀರ್ಯಾಣುವೂ ಚಲಿಸುತ್ತಿರಲಿಲ್ಲ.

"ಗಾಳೀಲಿ ಮುಕ್ಕಾಲು ಪಾಲು ನೈಟ್ರೋಜನ್ನೇ ಅಂತಿದ್ರಲ್ಲ ಸಾರ್?" ಎಂದಳು ದೊಡ್ಡಮ್ಮ.

"ಹೌದಮ್ಮ."

"ಈ ಕೋಣೆ ತುಂಬಾ ಇದೆ. ನಮಗೆ ಒಂದು ಚೊಂಬು ಸಿಗ್ಲಿಲ್ವಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಗಾಡಿ ಮರುದಿನ ಬಂತು.

ಈಗ ಕ್ಯಾನಿನಲ್ಲಿ ಬೇರೆ ಹೋರಿಗಳ ಕಡ್ಡಿಗಳಿವೆ. ದೊಡ್ಡಮ್ಮ ಮುಚ್ಚಳ ತೆಗೆಯುತ್ತಾಳೆ, ಕೋಲನ್ನು ಮಾತ್ರ ಮುಟ್ಟುವುದಿಲ್ಲ. ಅಳೆಯುವ ದಿನ, ಪ್ರತಿ ಸೋಮವಾರ, ನಾನು ಅವಳ ಜೊತೆ ಹೋಗಿ ಕೋಲು ಹಿಡಿಯುತ್ತೇನೆ.