ಫೂಟಿಗೆ ಮೂರು ಕಲ್ದಾರ

ನನ್ನ ಮಾವನವರು ಹತ್ತಿ ಮಾರಲು ಹೈದರಾಬಾದಿಗೆ ಹೋದವರು ಬರುವಾಗ ಬೆಳ್ಳಿ ಹಿಡಿಕೆಯ ಬೆತ್ತವೊಂದನ್ನೂ, ಚದರಡಿಗೆ ಚೌರಸ ಫೂಟು ಎಂಬ ಮಾತೊಂದನ್ನೂ ತಂದರು. ಬೆತ್ತ ಬೇಗ ಮುರಿಯಿತು. ಮಾತು ಶಹಾಪುರದ ನಮ್ಮ ಮನೆಯಲ್ಲಿ ಎರಡು ವರ್ಷ ಎಲ್ಲರ ತಲೆ ತಿಂದಿತು.

ನಿಜಾಮರ ಆಳ್ವಿಕೆಯ ಕೊನೆಯ ಕಾಲ ಅದು. ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಗೌಂಡಿಗೆ ದಿನಗೂಲಿ, ಕಲ್ಲಿಗೆ ಊರ ಹಿಂದಿನ ಗುಡ್ಡ, ಸುಣ್ಣಕ್ಕೆ ಭಟ್ಟಿ. ಮಾವನಿಗೆ ಇದೆಲ್ಲ ಹಳ್ಳಿಗಾಡಿನ ಪದ್ಧತಿಯಾಗಿ ಕಾಣತೊಡಗಿತು. "ಪ್ಯಾಟಿ ಮಂದಿ ಹಂಗ ಕಟ್ಟಂಗಿಲ್ಲ. ಚೌರಸ ಫೂಟಿಗೆ ಇಷ್ಟು ಅಂತ ಹೇಳ್ತಾರ, ಕೈ ತೊಳಕೋತಾರ," ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಪಾಠ ಹೇಳುತ್ತಿದ್ದರು. ಒಂದು ಗೋಡೆಗೆ ಎಷ್ಟು ಬಂಡಿ ಕಲ್ಲು ಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ನನ್ನ ತವರು ರಾಮಸಮುದ್ರ. ಅಪ್ಪನದು ಸುಣ್ಣದ ಭಟ್ಟಿ. ಗೌಂಡಿಗಳು ಬಂದು ಇಂತಿಷ್ಟು ಗೋಡೆಗೆ ಎಷ್ಟು ಸುಣ್ಣ ಬೇಕಾದೀತು ಎಂದು ಕೇಳಿದರೆ ನಾನು ಹತ್ತು ವರ್ಷದವಳಿದ್ದಾಗಲೇ ಬಾಯಲ್ಲಿ ಲೆಕ್ಕ ಹಾಕಿ ಹೇಳುತ್ತಿದ್ದೆ. ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ಆ ವಿದ್ಯೆಯನ್ನು ಯಾರೂ ಕೇಳಲಿಲ್ಲ. ರೊಟ್ಟಿ ತೆಳ್ಳಗೆ ಬಡಿಯಲು ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದರು.

ಯಾದಗಿರಿಯಿಂದ ಒಬ್ಬ ಗುತ್ತೇದಾರ ಬಂದ. ತಲೆಗೆ ಟೊಪ್ಪಿಗೆ, ಕಂಕುಳಲ್ಲಿ ಸುರುಳಿ ಸುತ್ತಿದ ನೀಲಿ ನಕ್ಷೆ, ಜೇಬಿನಲ್ಲಿ ಪಟ್ಟಿಯ ಅಳತೆ ಟೇಪು. ಆ ಟೇಪನ್ನು ಅವನು ಎಳೆದಾಗೊಮ್ಮೆ ಮಾವನ ಕಣ್ಣೂ ಅದರ ಜೊತೆಗೇ ಉದ್ದವಾಗುತ್ತಿತ್ತು.

"ಎಲ್ಲಾ ಸೇರಿ ಫೂಟಿಗೆ ಮೂರು ರೂಪಾಯಿರಿ ಸಾವಕಾರ್ರ. ನೀವು ಚಿಂತೀನೇ ಮಾಡಬ್ಯಾಡ್ರಿ," ಎಂದ.

"ಎಲ್ಲಾ ಅಂದ್ರ ಏನೇನು ಅಂತ ಕೇಳ್ರಿ," ಎಂದು ನಾನು ಒಳಗಿನಿಂದ ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಹೊರಗೆ ಹೋಗಿ ಕೇಳಿದರು. ಮಾವ ತಿರುಗಿಯೂ ನೋಡದೆ, "ನೀ ಚಹಾ ಕಳಸು," ಎಂದರು.

ಕರಾರು ಪತ್ರ ಉರ್ದುವಿನಲ್ಲಿತ್ತು. ಮಾವನಿಗೆ ಉರ್ದುವಿನಲ್ಲಿ ಸಹಿ ಮಾಡಲಷ್ಟೇ ಬರುತ್ತಿತ್ತು. ಆದರೂ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಹುಬ್ಬು ಗಂಟು ಹಾಕಿ, ಓದಿದ ಹಾಗೆ ತಲೆಯಾಡಿಸಿದರು. ನನ್ನ ಗಂಡ ಸರಕಾರಿ ಶಾಲೆಯಲ್ಲಿ ಉರ್ದು ಕಲಿತವರು. ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಓದು ಎಂದು ಯಾರೂ ಹೇಳಲಿಲ್ಲ. ಅವರೂ ಬಾಯಿ ಬಿಡಲಿಲ್ಲ.

ಮರುದಿನ ಅವರು ಉಣ್ಣಲು ಕೂತಾಗ ಕೇಳಿದೆ. "ಕಾಗದ ನೋಡೀರೇನ್ರಿ?"

"ನೋಡೀನಿ."

"ಏನ್ ಬರದಾನ?"

"ಬಾಗಿಲಾ, ಕಿಟಕಿ, ನೆಲದ ಪರಸಿಗಲ್ಲು ನಮ್ಮ ಖರ್ಚು ಅಂತ. ಅಳತಿ ಗ್ವಾಡಿ ಹೊರಗಿನಿಂದ ಅಂತ."

"ಗ್ವಾಡಿ ಹೊರಗಿನಿಂದನಾ? ಮಾವಾರಿಗೆ ಹೇಳಬೇಕಿಲ್ಲೇನ್ರಿ?"

"ಅಪ್ಪ ನನ್ನ ಕೇಳಿಲ್ಲಲ್ಲ," ಎಂದು ಮಜ್ಜಿಗೆ ಸುರಿದುಕೊಂಡರು.

ಆ ಗಳಿಗೆಯಲ್ಲಿ ನನಗೆ ನನ್ನ ಗಂಡನ ಮೇಲೆ ಹುಟ್ಟಿದ ತಾತ್ಸಾರವನ್ನು ಈ ವಯಸ್ಸಿನಲ್ಲಿ ಮುಚ್ಚಿಡುವುದಿಲ್ಲ. ಮಾವ ತಿಳಿಯದೆ ಮೋಸ ಹೋದರು. ಇವರು ತಿಳಿದೂ ಸುಮ್ಮನಿದ್ದರು.

ಕೆಲಸ ಶುರುವಾಯಿತು. ಗೋಡೆ ಏಳುವುದನ್ನು ಕಂಡ ಕೂಡಲೇ ಗುತ್ತೇದಾರನ ಆಟ ನನಗೆ ತಿಳಿಯಿತು. ಎರಡೂವರೆ ಫೂಟು ದಪ್ಪದ ಗೋಡೆ! ಗುಡ್ಡದ ಕಾಡುಗಲ್ಲು ಅವನಿಗೆ ಹೆಚ್ಚುಕಡಿಮೆ ಪುಕ್ಕಟೆ. ದಪ್ಪ ಗೋಡೆಯಾದರೆ ಕಲ್ಲನ್ನು ನಯವಾಗಿ ಕೆತ್ತುವ ಕೂಲಿ ಉಳಿಯಿತು. ಎರಡು ಬದಿ ಕಲ್ಲಿಟ್ಟು ನಡುವೆ ಮಣ್ಣು ತುಂಬಿದರೆ ಮುಗಿಯಿತು. ಅಳತೆ ಹೊರಗಿನಿಂದ ತಾನೆ? ಗೋಡೆ ದಪ್ಪವಾದಷ್ಟೂ ಅವನ ಫೂಟು ಹೆಚ್ಚು, ನಮ್ಮ ಕೋಣೆ ಚಿಕ್ಕದು.

ಅಂಗಳದಲ್ಲಿ ಬೇರೆಯಾಗಿ ಕಟ್ಟಿದ ಕಾಳಿನ ಕೋಣೆಯನ್ನು ಒಂದು ಮಧ್ಯಾಹ್ನ ನಾನೇ ಹಗ್ಗ ಹಿಡಿದು ಅಳೆದೆ. ಹೊರಗೆ ಹದಿನೈದಕ್ಕೆ ಹನ್ನೆರಡು. ಒಳಗೆ ಹತ್ತಕ್ಕೆ ಏಳು. ಅಂದರೆ ನೂರಾ ಎಂಬತ್ತು ಫೂಟಿನ ದುಡ್ಡು ಕೊಟ್ಟು ಎಪ್ಪತ್ತು ಫೂಟಿನಲ್ಲಿ ಜೋಳದ ಚೀಲ ಇಡಬೇಕು. ಈ ಸಲ ನಾನೇ ಮಾವನ ಮುಂದೆ ಹೋಗಿ ನಿಂತೆ.

"ಮಾವಾರ, ಗ್ವಾಡಿಗೇ ರೊಕ್ಕ ಕೊಡಾಕತ್ತೀರಿ ನೀವು. ಕ್ವಾಣಿಗಿ ಅಲ್ಲ."

ಅವರು ನಕ್ಕರು. "ಗ್ವಾಡಿ ಇಲ್ದ ಕ್ವಾಣಿ ನಿಮ್ಮ ರಾಮಸಮುದ್ರದಾಗ ಇರ್ತಾವೇನು ಯವ್ವಾ?" ಎಂದರು. ಸುತ್ತ ಇದ್ದ ಗುಮಾಸ್ತರೂ ನಕ್ಕರು. ನನ್ನ ಗಂಡ ಕೂಡ ಸ್ವಲ್ಪ ನಕ್ಕರು.

ಎಲ್ಲಕ್ಕಿಂತ ದೊಡ್ಡ ಮೂರ್ಖತನ ಇನ್ನೂ ಬಾಕಿಯಿತ್ತು. ಆಗ ನಮ್ಮಲ್ಲಿ ನಡೆಯುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕಾ ರೂಪಾಯಿ. ಬ್ರಿಟಿಷರ ರೂಪಾಯಿಗೆ ಕಲ್ದಾರ ಎನ್ನುತ್ತಿದ್ದರು. ಅದರ ಬೆಲೆ ಹೆಚ್ಚು. ಆರು ಕಲ್ದಾರಕ್ಕೆ ಏಳು ಹಾಲಿ ಕೊಡಬೇಕಿತ್ತು. ಕರಾರು ಆಗಿದ್ದು ಹಾಲಿಯಲ್ಲಿ. ಆದರೆ ಸುರಪುರದ ವ್ಯಾಪಾರಿಯೊಬ್ಬರು ಹೊಸ ಮನೆ ನೋಡಲು ಬಂದು, ಎಷ್ಟಕ್ಕೆ ಕಟ್ಟಿಸುತ್ತೀರಿ ಎಂದು ಕೇಳಿದಾಗ ಮಾವ, "ಫೂಟಿಗೆ ಮೂರು, ಅದೂ ಕಲ್ದಾರ," ಎಂದರು. ಬೇರೆ ಜನ ತಾವು ಮಾಡಿದ ಖರ್ಚನ್ನು ಕಡಿಮೆ ಮಾಡಿ ಹೇಳಿ ಜಾಣರೆನಿಸಿಕೊಳ್ಳುತ್ತಾರೆ. ನಮ್ಮ ಮಾವ ಹೆಚ್ಚು ಮಾಡಿ ಹೇಳಿ ದೊಡ್ಡವರಾಗಲು ಹೊರಟರು. ಆಮೇಲೆ ಕೆಂಭಾವಿಯ ಸಂತೆಯವರೆಗೂ ಅದೇ ಸುದ್ದಿ.

ವಾಸ್ತುಶಾಂತಿಯ ದಿನ ಮುಂದಿನ ದಿವಾನಖಾನೆಯಲ್ಲಿ ಊರಿನ ದೊಡ್ಡವರೆಲ್ಲ ಕೂತಿದ್ದರು, ಸುರಪುರದ ಆ ವ್ಯಾಪಾರಿಯೂ ಬಂದಿದ್ದರು. ಕಮಾನು, ಕಂಬ, ಗಾಜಿನಷ್ಟು ನುಣುಪಾದ ಗಿಲಾವು. ಹೊರಗಿನವರ ಕಣ್ಣಿಗೆ ಬೀಳುವಷ್ಟು ಭಾಗ ಮಾತ್ರ ಚೆಂದವಾಗಿ ಮುಗಿದಿತ್ತು. ಹಿಂದೆ ಅಡುಗೆಮನೆಯ ಜಾಗದಲ್ಲಿ ಸೊಂಟದೆತ್ತರದ ಗೋಡೆ ನಿಂತಿತ್ತು, ಮೇಲೆ ಆಕಾಶ. ಅದಕ್ಕೆಂದು ಇಟ್ಟ ಹಣದಿಂದ ಇನ್ನೆರಡು ದಿನದಲ್ಲಿ ಉಳಿದ ಕೆಲಸ ಶುರುವಾಗಬೇಕಿತ್ತು.

ಊಟವಾಯಿತು. ಎಲೆ ಅಡಿಕೆಯ ತಟ್ಟೆ ತಿರುಗುತ್ತಿದ್ದಾಗ ಗುತ್ತೇದಾರ ಎದ್ದು ನಿಂತು ಕೈ ಮುಗಿದ.

"ಸಾವಕಾರ್ರ, ಇವತ್ತ ಶುಭ ದಿನ ಅದ. ಬಾಕಿ ಹಿಸಾಬ ಮುಗಿಸಿಬಿಡೋಣ್ರಿ. ಫೂಟಿಗೆ ಮೂರು ಕಲ್ದಾರ ಅಂತ ನೀವೇ ಊರಿಗೆಲ್ಲ ಹೇಳೀರಿ. ನಾನು ಇಲ್ಲೀತನಕ ಹಾಲೀನೇ ತಗೊಂಡೀನಿ. ಫರಕು ಅಷ್ಟು ಕೊಟ್ಟುಬಿಡ್ರಿ."

ಮಾವನ ಕೈಯಲ್ಲಿದ್ದ ಎಲೆ ಬಾಯಿಗೆ ಹೋಗದೆ ಹಾಗೇ ನಿಂತಿತು. ಸುರಪುರದ ವ್ಯಾಪಾರಿ, "ಹೌದೌದು, ನನ್ನ ಮುಂದನೂ ಕಲ್ದಾರ ಅಂತನೇ ಅಂದಾರ," ಎಂದರು. ಅವರಿಗೆ ಒಳ್ಳೆಯ ಸಾಕ್ಷಿ ಹೇಳಿದ ಸಂತೋಷ.

ನಾನು ಬಾಗಿಲ ಹಿಂದಿದ್ದೆ. ನನ್ನ ಗಂಡ ಬಾಗಿಲಿಗೆ ಒರಗಿ ನಿಂತಿದ್ದರು. ಕರಾರಿನಲ್ಲಿ ಹಾಲಿ ಎಂದು ಬರೆದದ್ದನ್ನು ಅವರು ಕಣ್ಣಾರೆ ಓದಿದ್ದರು, ನನಗೂ ಹೇಳಿದ್ದರು. "ಹೇಳ್ರಿ," ಎಂದೆ. ಅವರು ಕಾಲಿನ ಹೆಬ್ಬೆರಳು ನೋಡಿಕೊಂಡರು. ನನಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ ಗಟ್ಟಿಯಾಗಿ, "ಕಾಗದದಾಗ ಹಾಲಿ ಅಂತ ಬರದದರಿ. ತಂದು ಓದಸ್ರಿ!" ಎಂದುಬಿಟ್ಟೆ.

ಗುತ್ತೇದಾರನ ಮುಖ ಬಿಳುಚಿತು. ಒಂದು ಕಾಗದ ತಂದು ಬಿಚ್ಚಿದ್ದರೆ ಸಾಕು, ಅವನು ಬಂದ ದಾರಿ ಹಿಡಿಯುತ್ತಿದ್ದ. ಆದರೆ ಕಾಗದ ಬಿಚ್ಚಿದರೆ ಮಾವ ಸುಳ್ಳು ಹೇಳಿದ್ದೂ ಬಯಲಾಗುತ್ತಿತ್ತು. ಅವರು ಎದ್ದು ನಿಂತರು.

"ಹೆಣ್ಣಮಕ್ಕಳಿಗೆ ಏನ್ ತಿಳೀತದ? ಓದೋದು ಗೀದೋದು ಬ್ಯಾಡ. ನಾ ಕಲ್ದಾರ ಅಂದೀನಿ, ಕಲ್ದಾರನೇ ಕೊಡ್ತೀನಿ."

ಎಲ್ಲರ ಎದುರಿಗೆ ಪೆಟ್ಟಿಗೆ ತರಿಸಿ ಎಣಿಸಿ ಕೊಟ್ಟರು. ಅಡುಗೆಮನೆಯ ಹಣ ಹೀಗೆ ಹೋಯಿತು. ಜನ ಭಲೇ ಎಂದರು. ಹೊರಗೆ ಚಪ್ಪಲಿ ಮೆಟ್ಟುವಾಗ ಅವರೇ ಒಬ್ಬರಿಗೊಬ್ಬರು ಮೊಣಕೈ ತಿವಿದು ನಕ್ಕದ್ದನ್ನು ನಾನು ಕಿಟಕಿಯಿಂದ ಕಂಡೆ.

ಮರುದಿನ ಬೆಳಿಗ್ಗೆ ಮಾವ ಹತ್ತಿ ತೂಕಕ್ಕೆ ಹೋದ ಮೇಲೆ ಅತ್ತೆ ಮೂರು ಗುಂಡುಕಲ್ಲು ಮತ್ತು ಒಂದು ಬುಟ್ಟಿ ಮಣ್ಣು ತರಿಸಿ, ದಿವಾನಖಾನೆಯಲ್ಲಿ ಕಮಾನಿನ ಕೆಳಗೇ ಒಲೆ ಹೂಡಿದರು.

"ಅತ್ತೀ, ಇಲ್ಲೇನ್ರಿ?" ಎಂದೆ.

"ಮತ್ತೆಲ್ಲಿ ಯವ್ವಾ? ಹಿಂದ ಬಿಸಲಾಗ ಕುಂದ್ರಬೇಕೇನು? ಕಲ್ದಾರ ಕೊಟ್ಟು ಕಟ್ಟಸ್ಯಾರ, ಹೊಗೀ ತಡೀತದ."

ಮಾವ ಬಂದು ಬಾಗಿಲಲ್ಲಿ ನಿಂತರು. ಹಸಿ ಹತ್ತಿಕಟ್ಟಿಗೆಯ ಹೊಗೆ ಗಿಲಾವಿನ ಮೇಲೆ ಆಗಲೇ ಕರಿ ನಾಲಿಗೆ ಚಾಚಿತ್ತು. ಕೂಗಾಡುತ್ತಾರೆಂದು ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. ಅತ್ತೆ ತಲೆಯೆತ್ತದೆ ರೊಟ್ಟಿ ಬಡಿಯುತ್ತಲೇ ಇದ್ದರು. ಮಾವ ಕೈಕಾಲು ತೊಳೆದು ಬಂದು ತಣಿಗೆಯ ಮುಂದೆ ಕೂತರು. ಒಂದು ವರ್ಷ ಹಾಗೇ ನಡೆಯಿತು. ಬಂದ ಬೀಗರನ್ನು ಆ ದಿನಗಳಲ್ಲಿ ಅವರು ಅಂಗಡಿಯಲ್ಲೇ ಕೂರಿಸಿ ಕಳಿಸುತ್ತಿದ್ದರು.

ಮುಂದಿನ ವರ್ಷ ಅಡುಗೆಮನೆಯನ್ನು ಕಟ್ಟಿಸಿದವಳು ನಾನು. ಅತ್ತೆ ಹತ್ತಿ ಬಿಡಿಸಿ ಕೂಡಿಟ್ಟ ದುಡ್ಡು ಕೊಟ್ಟರು. ಅಪ್ಪ ಮೂರು ಬಂಡಿ ಸುಣ್ಣ ಕಳಿಸಿದರು, ಜೊತೆಗೆ ತಮ್ಮ ಪರಿಚಯದ ಮುದಿ ಗೌಂಡಿಯನ್ನೂ. ಎರಡು ಅಂಕಣ, ಒಂದೂವರೆ ಫೂಟಿನ ಗೋಡೆ, ಮೂಡಣಕ್ಕೆ ಕಿಟಕಿ, ಹೊಗೆಗೆ ಬೆಳಕಿಂಡಿ. ನನ್ನ ಲೆಕ್ಕವೂ ತಪ್ಪಿತು. ತೊಲೆಯ ಕಟ್ಟಿಗೆಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಬಿತ್ತು. ಅದಕ್ಕೆ ನನ್ನ ಒಂದು ಜೊತೆ ಕಾಲುಂಗುರ ಹೋಯಿತು. ನನ್ನ ಗಂಡ ಅಂಗಡಿಯಿಂದ ಬಂದು ಸಂಜೆ ಸಂಜೆ ಕಲ್ಲು ಹೊತ್ತರು. ಹೊರಲು ಹೇಳಿದವಳು ನಾನೇ. ಯಾರಾದರೂ ಹೇಳಿದರೆ ಮಾಡುತ್ತಿದ್ದರು, ಅಷ್ಟರಮಟ್ಟಿಗೆ ಒಳ್ಳೆಯವರು.

ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ಗಾಳಿಯಾಡುತ್ತಿದ್ದುದು ಆ ಎರಡು ಅಂಕಣದಲ್ಲಿ ಮಾತ್ರ. ಮಾವ ಮಧ್ಯಾಹ್ನ ಅಲ್ಲೇ ಕಿಟಕಿಯ ಕೆಳಗೆ ಟವಲು ಹಾಸಿ ಮಲಗತೊಡಗಿದರು. ಅದನ್ನು ಯಾರು ಕಟ್ಟಿಸಿದರು, ಎಷ್ಟು ಖರ್ಚಾಯಿತು ಎಂದು ಅವರು ಸಾಯುವತನಕ ಕೇಳಲಿಲ್ಲ. ಅವರನ್ನು ದಾಟಿಕೊಂಡೇ ನಾನು ನೀರಿನ ಕೊಡ ಇಳಿಸುತ್ತಿದ್ದೆ, ಎಬ್ಬಿಸುತ್ತಿರಲಿಲ್ಲ. ಅದು ಗೌರವ ಎಂದು ನೆರೆಯವರು ಹೊಗಳುತ್ತಿದ್ದರು. ಎದ್ದರೆ ಮಾತಾಡಬೇಕಲ್ಲ ಎಂಬ ಬೇಸರ ಅದು.