ರದ್ದಾದ ಮೇಲಿನ ರಿಕ್ಷಾ

ನೀಲಿಮಾ ಧಾರವಾಡದ ಸಪ್ತಾಪುರದಾಕೆ. ಮದುವೆಯಾಗಿ ಪುಣೆಗೆ ಬಂದು ಸದಾಶಿವ ಪೇಠದಲ್ಲಿ ಸಂಸಾರ ಹೂಡಿದ ಮೇಲೆ, ಹಡಪಸರದ ಸಣ್ಣ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಹಿಡಿದಳು. ಯಾರಾದರೂ ಕೆಲಸ ಮುಗಿಯಿತೆಂದರೆ ಅವಳ ಬಾಯಿಂದ ಬರುವ ಮೊದಲ ಮಾತು: "ಮುಂದ?"

ಕಂಪನಿಯ ಆ್ಯಪ್ ವಯಸ್ಸಾದವರನ್ನು ಆಸ್ಪತ್ರೆಗೆ ಮುಟ್ಟಿಸುತ್ತಿತ್ತು. ಡಾಕ್ಟರರ ಸಮಯ ಗೊತ್ತುಮಾಡಲು ಒಂದು ವೆಬ್ ಸೇವೆ, ರಿಕ್ಷಾ ಕರೆಸಲು ಇನ್ನೊಂದು, ಮನೆಯವರಿಗೆ ಸಂದೇಶ ಕಳಿಸಲು ಮತ್ತೊಂದು. ಮೂರನ್ನೂ ಸರಪಳಿಯಂತೆ ಪೋಣಿಸಿದ್ದರು. ಈ ವರ್ಷ ರಿಕ್ಷಾ ಸೇವೆಯವರು ಅಂಗಡಿ ಮುಚ್ಚುತ್ತೇವೆಂದರು. ತಂಡದ ಮುಖ್ಯಸ್ಥ, ಬೆಂಗಳೂರಿನ ಪ್ರಜ್ವಲ, ಅದರ ಜಾಗಕ್ಕೆ ಹೊಸದೊಂದನ್ನು ತಂದ.

"ಎರಡೂ ಸೇಮ್ ಮೇಡಂ. ಅದೇ ಪ್ರಶ್ನೆ, ಅದೇ ಉತ್ತರ. ಸೋಮವಾರ ಬದಲಾಯಿಸಿಬಿಡೋಣ."

ನೀಲಿಮಾ ಎರಡರಲ್ಲೂ ಬುಕ್ ಮಾಡಿ ನೋಡಿದಳು, ರದ್ದು ಮಾಡಿ ನೋಡಿದಳು. ಉತ್ತರಗಳಲ್ಲಿ ಒಂದಕ್ಷರವೂ ಬೇರೆಯಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಶನಿವಾರ ಹೊಸ ಸೇವೆ ಜೋಡಿಸಿದ ಪ್ರಯೋಗದ ಆ್ಯಪನ್ನು ಅತ್ತೆ ರಾಧಾಬಾಯಿಯವರ ಕೈಗೆ ಕೊಟ್ಟಳು. ಮೊಣಕಾಲಿನ ವ್ಯಾಯಾಮಕ್ಕೆ ಹೋಗಬೇಕಿದ್ದ ಅವರು ರಿಕ್ಷಾ ಕರೆಸಿದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಿಸಿ ಪುರಣಪೋಳಿ ತಂದಳು. ರಿಕ್ಷಾ ರದ್ದಾಯಿತು. ತಿಂದು ಕೈತೊಳೆದು 'ಮತ್ತೆ ಕರೆಸಿ' ಗುಂಡಿ ಒತ್ತಿದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು.

"ನಿನ್ನ ರಿಕ್ಷಾ ಸಿಟ್ಟಾಗೇದ ನೋಡು," ಎಂದರು ರಾಧಾಬಾಯಿ.

"ಸಿಕ್ತು ನೋಡ್ರಿ!" ನೀಲಿಮಾ ಚಪ್ಪಾಳೆ ತಟ್ಟಿ ನಕ್ಕಳು. ಅತ್ತೆಯನ್ನು ಸ್ಕೂಟರಿನಲ್ಲಿ ಬಿಟ್ಟುಬಂದು ಲ್ಯಾಪ್‌ಟಾಪ್ ತೆರೆದು ಕೂತಳು. ರದ್ದು ಮಾಡಿದಾಗ ಎರಡು ಸೇವೆಗಳೂ 'ಆಯಿತು' ಎನ್ನುತ್ತಿದ್ದವು. ಆದರೆ ಹಳೆಯದು ಆ ಬುಕಿಂಗನ್ನು ಹಾಗೇ ಇಟ್ಟುಕೊಂಡು ಕಾಯುತ್ತಿತ್ತು. ಹೊಸದು ಅಲ್ಲಿಗೇ ಅದನ್ನು ಮುಗಿಸಿಬಿಡುತ್ತಿತ್ತು; ಮತ್ತೆ ಕರೆಸಲು ಅಲ್ಲಿ ಬುಕಿಂಗೇ ಉಳಿದಿರುತ್ತಿರಲಿಲ್ಲ.

ಸೋಮವಾರ ಸುದ್ದಿ ಕೇಳಿ ಪ್ರಜ್ವಲನ ಮುಖ ಸಣ್ಣದಾಯಿತು. "ಹಾಗಾದ್ರೆ ಇದು ಬೇಡ್ವಾ?"

"ಯಾಕ್ ಬ್ಯಾಡ? ಎರಡೂ ಎಲ್ಲಾದ್ರಾಗೂ ಒಂದ ಇರಬೇಕಂತ ಏನಿಲ್ಲ. ನಮ್ಮ ಸರಪಳಿ ಎಲ್ಲೆಲ್ಲಿ ಮುಟ್ಟತದ, ಅಲ್ಲಿ ಒಂದ ಆದ್ರ ಸಾಕು. ಯಾರರೆ 'ಮತ್ತೆ ಕರೆಸಿ' ಒತ್ತಿದ್ರ ನಾವ ಒಳಗ ಹೊಸಾ ಬುಕಿಂಗ್ ಮಾಡೂಣು."

ಮಧ್ಯಾಹ್ನದೊಳಗೆ ಪ್ರಜ್ವಲ ಆ ಕೋಡಿನ ತುಂಡನ್ನು ಬರೆದ. ನೀಲಿಮಾ ಈ ಸಲ ಬಿಡಿ ಪ್ರಶ್ನೆಗಳನ್ನು ಕೇಳಲಿಲ್ಲ. ಮನೆಬಾಗಿಲಿನಿಂದ ಆಸ್ಪತ್ರೆಯವರೆಗಿನ ಪೂರ್ತಿ ಪ್ರಯಾಣಗಳನ್ನೇ ಹಳೆಯ, ಹೊಸ ಎರಡೂ ಸೇವೆಗಳ ಮೇಲೆ ಓಡಿಸಿದಳು. ರದ್ದಾಗಿ ಮತ್ತೆ ಹೊರಟವರು, ಡಾಕ್ಟರರು ಸಮಯ ಬದಲಿಸಿದವರು, ಮೇಲಿಂದ ಮೇಲೆ ಮನಸ್ಸು ಬದಲಿಸಿದವರು, ಎಲ್ಲರೂ ಎರಡರಲ್ಲೂ ಒಂದೇ ರೀತಿ ಹೋಗಿ ಮುಟ್ಟಿದರು.

ಹೊಸ ಸೇವೆ ಚಾಲೂ ಆಯಿತು. ಬದಲಾಗಿದೆಯೆಂದು ಯಾವ ಮನೆಯವರಿಗೂ ಗೊತ್ತಾಗಲಿಲ್ಲ. ಆ ಖುಷಿಗೆ ಪ್ರಜ್ವಲ ಕ್ಯಾಂಟೀನಿನಿಂದ ಎಲ್ಲರಿಗೂ ಮಿಸಳ್ ತರಿಸಿದ. ನೀಲಿಮಾ ಸಂಕೋಚವಿಲ್ಲದೆ ಇನ್ನೊಂದು ಪಾವ್ ಕೇಳಿ ಹಾಕಿಸಿಕೊಂಡಳು.