ಮಧ್ಯಯುಗದಲ್ಲಿ ಕನ್ನಡಕಕ್ಕೆ ಅವಕಾಶವಿಲ್ಲ

ಆ ನಿಯಮಾವಳಿ ಇಪ್ಪತ್ತೆರಡು ಪುಟದ್ದು, ಸ್ವೀಡಿಷ್‌ನಲ್ಲಿತ್ತು. ನಾನು ಅದನ್ನು ಮೂರು ಸಲ ಓದಿದೆ. ಅರ್ಥವಾಗದ ಪದಗಳ ಕೆಳಗೆ ಗೆರೆ ಎಳೆದು, ಅರ್ಥ ಹುಡುಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆ ಕ್ಲಬ್ಬಿನಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ನಾನೊಬ್ಬನೇ ಎಂದು ಈಗ ಆಣೆ ಮಾಡಿ ಹೇಳಬಲ್ಲೆ. ಬರೆದವರೂ ಓದಿರಲಿಕ್ಕಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಾವಿರುವ ಎಸ್ಕಿಲ್‌ಸ್ಟುನಾದಿಂದ ಮುಕ್ಕಾಲು ಗಂಟೆ ದೂರದಲ್ಲಿ ಒಂದು ಸರೋವರವಿದೆ. ಪ್ರತಿ ಬೇಸಿಗೆಯಲ್ಲಿ ಒಂದು ವಾರಾಂತ್ಯ ಅದರ ದಂಡೆಯ ಹುಲ್ಲುಗಾವಲಿನಲ್ಲಿ ಹದಿನಾಲ್ಕನೇ ಶತಮಾನ ನಡೆಯುತ್ತದೆ. ವಾರವಿಡೀ ಕಚೇರಿ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ದುಡಿಯುವ ಜನ ಶುಕ್ರವಾರ ಸಂಜೆ ಉಣ್ಣೆಯ ನಿಲುವಂಗಿ ತೊಟ್ಟು ಕಮ್ಮಾರರು, ಸೈನಿಕರು, ರೊಟ್ಟಿ ಸುಡುವವರು ಆಗಿಬಿಡುತ್ತಾರೆ. ಡೇರೆಗಳಲ್ಲಿ ಮಲಗುತ್ತಾರೆ. ಶನಿವಾರ, ಭಾನುವಾರ ಊರಿನ ಮಂದಿ ಟಿಕೆಟ್ ತೆಗೆದುಕೊಂಡು ನೋಡಲು ಬರುತ್ತಾರೆ. ನನಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಆಸಕ್ತಿ ಇದ್ದದ್ದು ನನ್ನ ಮಗಳಿಗೆ. ಅವಳಿಗೆ ಆಗ ಹತ್ತು ವರ್ಷ. ಇದನ್ನು ನಡೆಸುವ ಕ್ಲಬ್ಬಿನವರು ಅವಳ ಶಾಲೆಯ ಜಿಮ್ ಹಾಲಿನಲ್ಲಿ ಮಕ್ಕಳಿಗೆ ಬಿಲ್ಲುವಿದ್ಯೆ ಕಲಿಸುತ್ತಿದ್ದರು. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಒಂದು ಮಂಗಳವಾರವನ್ನೂ ಅವಳು ತಪ್ಪಿಸಲಿಲ್ಲ. ಕಲಿಸುವವರು ನಿವೃತ್ತ ಬಸ್ ಡ್ರೈವರ್, ಒಳ್ಳೆಯ ಮನುಷ್ಯ. ಚಳಿಗಾಲ ಮುಗಿಯುವ ಹೊತ್ತಿಗೆ ಇವಳ ಆರು ಬಾಣಗಳಲ್ಲಿ ನಾಲ್ಕು ಗುರಿಯ ನಡುವಿನ ಹಳದಿ ವೃತ್ತಕ್ಕೆ ಬೀಳುತ್ತಿದ್ದವು. ಬೇಸಿಗೆಯ ಭಾನುವಾರ ಮಕ್ಕಳ ಸ್ಪರ್ಧೆ ಇರುತ್ತದೆ, ಅದರಲ್ಲಿ ತಾನು ಗೆಲ್ಲಬೇಕು ಎಂದು ಅವಳು ಹಟ ಹಿಡಿದಿದ್ದಳು. ಬೇರೆ ಯಾವ ವಿಷಯಕ್ಕೂ ಆ ಮಗು ಅಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ.

ಹಾಗಾಗಿ ಹೆಸರು ಕೊಟ್ಟೆವು, ನಿಯಮಾವಳಿ ಬಂತು. ಯಂತ್ರದಲ್ಲಿ ಹಾಕಿದ ಹೊಲಿಗೆ ಕಾಣುವಂತಿಲ್ಲ. ಹತ್ತಿ ಬಟ್ಟೆ ಕೂಡದು. ಉಣ್ಣೆ ಅಥವಾ ಲಿನನ್ ಮಾತ್ರ. ಜಿಪ್ ಇಲ್ಲ, ಪ್ಲಾಸ್ಟಿಕ್ ಇಲ್ಲ, ಆಲೂಗೆಡ್ಡೆ ಇಲ್ಲ, ಟೊಮೆಟೊ ಇಲ್ಲ. ಹದಿನಾರನೇ ಪುಟದಲ್ಲಿ ಒಂದು ಸಾಲು: ಸಾರ್ವಜನಿಕರ ಎದುರು ಈ ಕಾಲದ ಕನ್ನಡಕಕ್ಕೆ ಅವಕಾಶವಿಲ್ಲ, ಕಾಂಟ್ಯಾಕ್ಟ್ ಲೆನ್ಸ್ ಬಳಸಿ.

ನನ್ನ ಮಗಳು ಆರನೇ ವರ್ಷದಿಂದ ಕನ್ನಡಕ ಹಾಕುತ್ತಾಳೆ. ಮೈನಸ್ ನಾಲ್ಕೂವರೆ. ಕನ್ನಡಕ ತೆಗೆದರೆ ಎದುರಿಗಿರುವವರು ಅಪ್ಪನೋ ಅಮ್ಮನೋ ಎಂದು ದನಿಯಿಂದ ತಿಳಿದುಕೊಳ್ಳಬೇಕು. ಲೆನ್ಸ್ ಹಾಕಿಸಿ ನೋಡಿದೆವು. ಒಂದೇ ದಿನಕ್ಕೆ ಕಣ್ಣು ಕೆಂಡದಂತಾಗಿ ಅವಳು ಅತ್ತಳು, ತೆಗೆಸಿದೆವು. ಇನ್ನೆರಡು ವರ್ಷ ಕಾಯಿರಿ ಎಂದರು ಕಣ್ಣಿನ ಡಾಕ್ಟರು.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ನನ್ನದು ಗುಣಮಟ್ಟದ ವಿಭಾಗ. ಒಂದು ಬೋಲ್ಟ್ ಹೇಳಿದಷ್ಟು ಬಿಗಿಯಾಗಿಲ್ಲ ಎಂದರೆ ಇಡೀ ಲೈನ್ ನಿಲ್ಲಿಸುವ ಕೆಲಸ. ಅದು ಸಾಲದು ಎಂಬಂತೆ, ಒಮ್ಮೆ ವರ್ಕ್ ಪರ್ಮಿಟ್ ನವೀಕರಣಕ್ಕೆ ಕಳಿಸಿದ ಅರ್ಜಿಯಲ್ಲಿ ಒಂದು ಪುಟ ಬಿಟ್ಟುಹೋಗಿ, ಏಳು ತಿಂಗಳು ಈ ದೇಶ ಬಿಟ್ಟು ಕದಲಲಾಗದೆ ಕೂತಿದ್ದೆ. ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದೆ. ಅಂದಿನಿಂದ ಯಾವ ಕಾಗದ ಬಂದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತೇನೆ. ಇಲ್ಲಿಯವರಿಗೆ ನಿಯಮ ಎಂದರೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್. ನಮ್ಮಂಥವರಿಗೆ ಅದೇ ಗೋಡೆ.

ಸರಿ, ಹೊಲಿಯಲು ಕೂತೆ. ನಮ್ಮ ಅವ್ವ ರಾಣೇಬೆನ್ನೂರಿನಲ್ಲಿ ಮೂವತ್ತು ವರ್ಷ ಮನೆಯಲ್ಲೇ ಮಷಿನ್ ಇಟ್ಟುಕೊಂಡು ರವಿಕೆ ಹೊಲಿದವಳು. ವಿಡಿಯೋ ಕಾಲ್‌ನಲ್ಲಿ ಅವಳೇ ನನಗೆ ಮೇಷ್ಟ್ರು.

"ಯಾಕಪಾ, ಅಲ್ಲಿ ಮಷಿನ್ ಸಿಗಂಗಿಲ್ಲೇನು?" ಎಂದಳು ಮೊದಲ ದಿನ.

"ಸಿಗ್ತಾವವ್ವ. ಬಳಸಬಾರದಂತ. ಆರ್ನೂರು ವರ್ಷದ ಹಿಂದಿನವರಂಗ ಇರಬೇಕಂತ."

"ಆರ್ನೂರು ವರ್ಷದ ಹಿಂದ ಅವರಿಗೆ ಮಷಿನ್ ಸಿಕ್ಕಿದ್ರ ಬಿಡ್ತಿದ್ರೇನು?"

ಮಾರ್ಚ್‌ನಿಂದ ಜೂನ್‌ವರೆಗೆ, ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಮಗಳ ಉಣ್ಣೆಯ ಅಂಗಿ, ನನ್ನದೊಂದು, ಎರಡು ಲಿನನ್ ಒಳ ಅಂಗಿ, ಎಲ್ಲವನ್ನೂ ಕೈಯಲ್ಲೇ ಹೊಲಿದೆ. ಬೆರಳ ತುದಿಗಳು ಜಲ್ಲಡಿಯಾದವು. ಅಂಚಿನ ಹೆಮ್ಮಿಂಗ್ ಎರಡು ಸಲ ಬಿಚ್ಚಿಸಿದಳು ಅವ್ವ. ಜೊತೆಗೆ ಮಗಳಿಗೆ ಇನ್ನೊಂದು ತರಬೇತಿ ಶುರುವಾಯಿತು: ಕನ್ನಡಕವಿಲ್ಲದೆ ಬಾಣ ಬಿಡುವುದು. ಮನೆಯ ಹಿಂದಿನ ಹುಲ್ಲಿನಲ್ಲಿ ರಟ್ಟಿನ ಡಬ್ಬಕ್ಕೆ ಹಳದಿ ಬಣ್ಣ ಬಳಿದು ಇಟ್ಟೆ. "ಅಪ್ಪ, ಎವೆರಿಥಿಂಗ್ ಈಸ್ ಬ್ಲರ್ರಿ," ಎಂದಳು. ಅಭ್ಯಾಸವಾಗತ್ತೆ ಪುಟ್ಟಿ, ಎಂದೆ. ಯಾರ ಕಣ್ಣಿಗೆ ಯಾವ ಅಭ್ಯಾಸವಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಆ ವಾರಾಂತ್ಯದ ಶುಕ್ರವಾರ ಸಂಜೆ ಸರೋವರಕ್ಕೆ ಹೋದೆವು, ನಾವಿಬ್ಬರೇ. ನಾಲ್ಕು ಗಂಟೆ ದೂರದ ಮೋಲ್ನ್‌ಡಾಲ್‌ನಲ್ಲಿ ಕೆಲಸ ಮಾಡುವ ಹೆಂಡತಿ, ಲ್ಯಾಬಿನಲ್ಲಿ ಯಾವುದೋ ಪ್ರಯೋಗ ಅರ್ಧಕ್ಕೆ ಬಿಡುವಂತಿಲ್ಲವೆಂದು ಅಲ್ಲೇ ಉಳಿದಿದ್ದಳು. ಬಾಗಿಲಲ್ಲಿ ತಪಾಸಣೆ. ಹಸಿರು ಉಣ್ಣೆಯ ಮೇಲ್ಹೊದಿಕೆ ಹೊದ್ದ ಐವತ್ತರ ಹೆಂಗಸೊಬ್ಬರು ಎಲ್ಲರ ಬಟ್ಟೆ ಪರೀಕ್ಷಿಸುತ್ತಿದ್ದರು. ಅವರ ಹತ್ತಿರ ಹೋಗುವ ಮುಂಚೆಯೇ ನಾನು ಮಗಳ ಕನ್ನಡಕ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ನನ್ನ ಸೊಂಟದ ಚರ್ಮದ ಚೀಲಕ್ಕೆ ಹಾಕಿಕೊಂಡಿದ್ದೆ. ಆಕೆ ನನ್ನ ಅಂಗಿಯ ಅಂಚು ಮಗುಚಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಅಕ್ಕಪಕ್ಕದವರನ್ನು ಕರೆದು ತೋರಿಸಿದರು. ಇಷ್ಟು ಚೊಕ್ಕವಾಗಿ ನಮ್ಮಲ್ಲೇ ಯಾರೂ ಹೊಲಿಯುವುದಿಲ್ಲ ಎಂದರು. ನಾಚಿಕೆಯಾಗುತ್ತದೆ ಹೇಳಲು, ನಾನು ಉಬ್ಬಿಹೋದೆ. ವರ್ಷಾನುಗಟ್ಟಲೆ ತೆರಿಗೆ ಕಟ್ಟಿದ್ದಕ್ಕೂ ಸಿಗದಿದ್ದ ಒಂದು ಶಹಭಾಸ್‌ಗಿರಿ ಸಿಕ್ಕಿತ್ತು. ಅವರು ಮಗಳ ಬೂಟು ನೋಡಿದರು. ಮುಖ ನೋಡಲಿಲ್ಲ.

ಶನಿವಾರ ಬೆಳಿಗ್ಗೆಯೇ ಮಗಳು ಡೇರೆಯ ಹಗ್ಗಕ್ಕೆ ಎಡವಿ ಬಿದ್ದಳು. ಮಂಡಿ ತರಚಿತು. ಮಧ್ಯಾಹ್ನ ಮತ್ತೊಮ್ಮೆ, ಅದೇ ಮಂಡಿ. ಬೇರೆ ಮಕ್ಕಳು ಕೋಲು ಹಿಡಿದು ಓಡುತ್ತಿದ್ದರೆ ಇವಳು ನನ್ನ ತೋಳು ಹಿಡಿದು ಕೂತಿದ್ದಳು. ನಾನು ಮೇಣದಬತ್ತಿ ಮಾಡುವವನ ವೇಷದಲ್ಲಿದ್ದೆ. ನೋಡಲು ಬಂದವರೊಬ್ಬರು, ನೀವು ಯಾವ ದೇಶದಿಂದ ಮೆಣಸು ಹೊತ್ತು ಬಂದ ವ್ಯಾಪಾರಿ ಎಂದು ಕೇಳಿದರು. ಮುಂದೆ ಇಷ್ಟು ದೊಡ್ಡ ಮೇಣದ ಕಡಾಯಿ ಇದೆ! ಅದಕ್ಕೆ ಇನ್ನೊಂದು ಬತ್ತಿ ಅದ್ದಿದೆ.

ಮೂರು ಗಂಟೆಗೆ ಅಡುಗೆ ಡೇರೆಯ ಹಿಂದಿನಿಂದ ಘಮ್ಮೆಂದು ವಾಸನೆ ಬಂತು. ಹೋಗಿ ನೋಡಿದರೆ ಫೀಕಾ ನಡೆಯುತ್ತಿದೆ. ಇವರಿಗೆ ಕಾಫಿಯ ಈ ಹೊತ್ತು ನಮ್ಮ ಸಂಧ್ಯಾವಂದನೆಗಿಂತ ಕಟ್ಟುನಿಟ್ಟು. ಉಣ್ಣೆ ಹೊದಿಕೆ ಮುಚ್ಚಿದ ಪೀಪಾಯಿಯೊಳಗೆ ಸ್ಟೀಲಿನ ಕಾಫಿ ಫ್ಲಾಸ್ಕುಗಳು, ಪಕ್ಕದಲ್ಲಿ ದಾಲ್ಚಿನ್ನಿ ಬನ್ನು. ಕಬ್ಬಿಣದ ಅಂಗಿ ತೊಟ್ಟ ಸೈನಿಕನೊಬ್ಬ ಫೋನಿನಲ್ಲಿ ಹವಾಮಾನ ನೋಡುತ್ತಿದ್ದ. ಆ ಕಾಲದಲ್ಲಿ ಸ್ವೀಡನ್‌ನಲ್ಲಿ ಕಾಫಿ ಎಲ್ಲಿತ್ತು? ಆಲೂಗೆಡ್ಡೆಗೆ ಇಲ್ಲದ ಮಾಫಿ ಕಾಫಿಗೆ ಹೇಗೆ? ಪಿತ್ತ ನೆತ್ತಿಗೇರಿತು. ಆದರೆ ನನ್ನೊಳಗಿನ ಇನ್ಸ್‌ಪೆಕ್ಟರ್ ಅಲ್ಲೂ ಬಿಡಲಿಲ್ಲ. ಇದು ಸಾರ್ವಜನಿಕರ ಎದುರಲ್ಲವಲ್ಲ, ಪುಟ ನಾಲ್ಕರ ಪ್ರಕಾರ ಸರಿ, ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಒಂದು ಲೋಟ ಕುಡಿದು ಬಂದೆ.

ಭಾನುವಾರ ಹನ್ನೊಂದಕ್ಕೆ ಸ್ಪರ್ಧೆ. ಎಂಟು ಮಕ್ಕಳು, ಎಂಟು ಹುಲ್ಲಿನ ಗುರಿಗಳು, ಹದಿನೈದು ಹೆಜ್ಜೆ ದೂರ. ಹಗ್ಗದ ಆಚೆ ಜನ. ಬಿಲ್ಲು ಕಲಿಸಿದ ಮೇಷ್ಟ್ರು ಆಚೆ ತುದಿಯಲ್ಲಿ ಬಾಣ ಹೆಕ್ಕಿ ಎಣಿಸುವವರ ಜೊತೆಗಿದ್ದರು. ಮಗಳು ಗೆರೆಯ ಮೇಲೆ ನಿಂತಳು. ನಿಲುವು ಚೆನ್ನಾಗಿತ್ತು, ಮೊಣಕೈ ಎತ್ತರ ಸರಿಯಾಗಿತ್ತು, ಕಲಿತದ್ದೆಲ್ಲ ಮೈಯಲ್ಲಿತ್ತು. ಗುರಿಯೊಂದು ಕಾಣಬೇಕಿತ್ತು, ಅಷ್ಟೇ. ಕಣ್ಣು ಕಿರಿದು ಮಾಡಿ, ಮುಖ ಮುಂದೆ ಚಾಚಿ, ಹಳದಿ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಮೊದಲ ಬಾಣ ನೆಲಕ್ಕೆ. ಎರಡನೆಯದೂ. ಐದರವರೆಗೆ ಎಲ್ಲ ನೆಲಕ್ಕೇ. ಆರನೆಯದು ಪಕ್ಕದ ಹುಡುಗನ ಗುರಿಗೆ ಹೋಗಿ ನಾಟಿತು. ಜನ ಚಪ್ಪಾಳೆ ತಟ್ಟಿದರು. ಇಲ್ಲಿ ಬಿದ್ದವರಿಗೂ ಚಪ್ಪಾಳೆಯೇ.

ಆಗ ಆ ಪಕ್ಕದ ಹುಡುಗ ತಿರುಗಿದ. ಅವನ ಮೂಗಿನ ಮೇಲೆ ನೀಲಿ ಪ್ಲಾಸ್ಟಿಕ್ ಫ್ರೇಮಿನ ಕನ್ನಡಕ!

ನಾನು ಹಗ್ಗ ದಾಟಿ ಸೀದಾ ಆ ಹಸಿರು ಹೊದಿಕೆಯವರ ಬಳಿ ಹೋದೆ. ಆ ಹುಡುಗ ಕನ್ನಡಕ ಹಾಕಿದ್ದಾನಲ್ಲ, ಎಂದೆ.

"ಹೌದು," ಎಂದರು. "ಕಾಣಬೇಕಲ್ಲ ಪಾಪ."

"ಹದಿನಾರನೇ ಪುಟ?"

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕರು, ಕೆಟ್ಟ ನಗುವೇನಲ್ಲ. "ಅಯ್ಯೋ, ಅದು ಕನ್ನಡಕ ಬೇಕೇಬೇಕಾದವರಿಗೆ ಅಲ್ಲ. ಮಕ್ಕಳಿಗಂತೂ ಅಲ್ಲವೇ ಅಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ."

"ಎಲ್ಲಿ ಬರೆದಿದೆ?"

"ಅದನ್ನು ಬರೆಯಬೇಕಾಗಿಲ್ಲ."

ನನ್ನ ಸ್ವೀಡಿಷ್ ಅಲ್ಲಿಗೆ ಮುಗಿಯಿತು. ಇಂಗ್ಲಿಷಿಗೆ ಇಳಿದೆ. ಹೊಲಿಗೆ ಒಂದು ಇಂಚಿಗೆ ಎಷ್ಟು ಇರಬೇಕು ಎಂದು ಬರೆಯುತ್ತೀರಿ, ಬೂಟಿನ ಲಾಡಿ ಎಷ್ಟು ಅಗಲ ಎಂದು ಬರೆಯುತ್ತೀರಿ, ಕಣ್ಣು ಕಾಣದ ಮಗು ಕನ್ನಡಕ ಹಾಕಬಹುದು ಎಂಬ ಒಂದು ಸಾಲು ಬರೆಯಲು ನಿಮಗೆ ಶಾಯಿ ಸಾಲಲಿಲ್ಲವೇ, ಎಂದು ಕೂಗಾಡಿದೆ. ಕೊನೆಗೆ ಇಂಗ್ಲಿಷೂ ಸಾಕಾಗದೆ ಊರಿನ ಮಾತೇ ಬಾಯಿಗೆ ಬಂತು: "ಹಂಗಾರ ಬರದದ್ದು ಯಾಕ? ಯಾರಿಗ್ಯಾಕ ಬರದ್ರಿ ಅದನ್ನ?" ಸುತ್ತಲಿದ್ದ ಕಮ್ಮಾರರು, ಸೈನಿಕರು ತಂತಮ್ಮ ಬೂಟು ನೋಡಿಕೊಳ್ಳುತ್ತ ನಿಂತರು. ಜೋರಾಗಿ ಮಾತಾಡುವವನನ್ನು ಈ ದೇಶದಲ್ಲಿ ಯಾರೂ ತಡೆಯುವುದಿಲ್ಲ, ಅವನು ಖಾಲಿಯಾಗುವವರೆಗೆ ಕಾಯುತ್ತಾರೆ. ಆಕೆಯೂ ಕಾದರು.

"ಬೇಜಾರಿನ ಸಂಗತಿ," ಎಂದರು ಆಮೇಲೆ, ಮೆಲ್ಲಗೆ. "ನೀವು ನಮ್ಮನ್ನು ಒಂದು ಮಾತು ಕೇಳಬಹುದಿತ್ತು." ಈಗ ಬೇಕಾದರೆ ಕನ್ನಡಕ ಹಾಕಿಕೊಂಡು ಆರು ಬಾಣ ಬಿಡಲಿ, ಸ್ಪರ್ಧೆಗೆ ಸೇರುವುದಿಲ್ಲ, ಆದರೂ ಬಿಡಲಿ, ಎಂದರು.

ಮಗಳು ಬೇಡ ಎಂದಳು. ಬಿಲ್ಲಿನ ದಾರ ಬಿಚ್ಚಿ ಸುತ್ತಿಟ್ಟಳು.

ಕಾರಿನಲ್ಲಿ ಕೂತ ಮೇಲೆ ಚೀಲದಿಂದ ಕನ್ನಡಕ ತೆಗೆದು ಕೊಟ್ಟೆ. ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ನಾನು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ. ಎಂಥ ಜನ! ಮನಸ್ಸಿನಲ್ಲೊಂದು ಇಟ್ಟುಕೊಂಡು ಕಾಗದದಲ್ಲೊಂದು ಬರೆಯುತ್ತಾರೆ, ಮನಸ್ಸಿನದ್ದನ್ನು ನಾವು ಊಹಿಸಿಕೊಳ್ಳಬೇಕು. ತಾವು ಕಾಫಿ ಕುಡಿಯಬಹುದು, ಕನ್ನಡಕ ಹಾಕಬಹುದು, ಹೊರಗಿನಿಂದ ಬಂದವರು ಮಾತ್ರ ಆರುನೂರು ವರ್ಷ ಹಿಂದಕ್ಕೆ ಹೋಗಬೇಕು. ನಾಳೆಯೇ ಕ್ಲಬ್ಬಿಗೆ ಕಾಗದ ಬರೆಯುತ್ತೇನೆ, ಇಲ್ಲಿಯ ಪುರಸಭೆಯಾದ ಕೊಮ್ಯೂನಿಗೂ ಒಂದು ಪ್ರತಿ ಹಾಕುತ್ತೇನೆ. ಒಬ್ಬರಾದರೂ ಮೊದಲೇ ಒಂದು ಮಾತು ಹೇಳಬಾರದಿತ್ತೇ, ಆ ಮೇಷ್ಟ್ರಾದರೂ ಹೇಳಬಾರದಿತ್ತೇ, ಎಂದೆ.

"ಅವರು ಹೇಳಿದ್ರು," ಎಂದಳು ಮಗಳು ಸ್ವೀಡಿಷ್‌ನಲ್ಲಿ, ಕಿಟಕಿಯಿಂದ ಮುಖ ತಿರುಗಿಸದೆ.

"ಯಾವಾಗ?"

"ಏಪ್ರಿಲ್‌ನಲ್ಲಿ. ನಾನು ಕೇಳಿದೆ. ಕನ್ನಡಕ ಹಾಕ್ಕೋ, ಏನೂ ಆಗಲ್ಲ ಅಂದ್ರು. ಮನೆಗೆ ಬಂದು ನಿಂಗೆ ಹೇಳಿದೆ. ನೀನು ಹೊಲೀತಾ ಇದ್ದೆ."

"ನಾನೇನಂದೆ?"

ಅವಳು ಅದಕ್ಕೆ ಮಾತ್ರ ಕನ್ನಡದಲ್ಲಿ ಉತ್ತರ ಕೊಟ್ಟಳು, ನನ್ನದೇ ದನಿಯಲ್ಲಿ: "ಮೇಷ್ಟ್ರು ಬಾಯಲ್ಲಿ ಹೇಳಿದ್ರೆ ಆಗಲ್ಲ ಪುಟ್ಟಿ. ಪೇಪರ್‌ನಲ್ಲಿ ಇರಬೇಕು."

ನೆನಪಿಸಿಕೊಳ್ಳಲು ನೋಡಿದೆ. ಅಡುಗೆಮನೆಯ ಮೇಜು ನೆನಪಾಯಿತು, ಸೂಜಿ ನೆನಪಾಯಿತು, ಅವಳು ಬಂದು ನಿಂತದ್ದು ನೆನಪಾಗಲಿಲ್ಲ. ಇಂದಿಗೂ ಆಗಿಲ್ಲ. ಆದರೆ ಅದು ನನ್ನದೇ ಮಾತು. ನಮ್ಮ ಮನೆಯಲ್ಲಿ ಬೇರೆ ಯಾರೂ ಹಾಗೆ ಮಾತಾಡುವುದಿಲ್ಲ.